ಕಪ್ಪು-ಬಿಳುಪು ಫೋಟೊಗೆ ಗುಲಾಬಿ ಬಣ್ಣ ಯಾಕೆ ಬರುತ್ತೆ?

ಹೆಬ್ಬಾಳ ಕೆರೆಯ ಮೇಲಿನ ಬೆಳಗಿನ ಮಂಜು, ಯಲಹಂಕದ ಏರ್ ಶೋನಲ್ಲಿ ವಿಮಾನ ಬಿಟ್ಟ ಹೊಗೆ, ಊರಿನ ಟ್ರಂಕಿನಲ್ಲಿ ಸಿಕ್ಕ ಅಜ್ಜ-ಅಜ್ಜಿಯ ಮದುವೆ ಫೋಟೊ. ಇವನ್ನು ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ಮಾಡಿ ಗೋಡೆಗೆ ಹಾಕುವ ಆಸೆ ನಮ್ಮಲ್ಲಿ ಹಲವರಿಗಿದೆ. ಆದರೆ ಸ್ಕ್ರೀನ್ ಮೇಲೆ ಸರಿಯಾಗಿದ್ದದ್ದು ಕಾಗದಕ್ಕೆ ಇಳಿದಾಗ ಅಜ್ಜಿಯ ಮುಖ ನಸುಗುಲಾಬಿ, ಅಜ್ಜನ ಕೋಟು ನಸುಹಸಿರು ಆಗಿರುತ್ತೆ. ಪ್ರಿಂಟರ್ ಕೆಟ್ಟಿದೆ ಅಂದುಕೊಳ್ಳುವ ಮೊದಲು ಕಾರಣ ಹುಡುಕೋಣ.

ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಸಾಮಾನ್ಯವಾಗಿ ನಾಲ್ಕು ಇಂಕ್: ಸಯಾನ್, ಮೆಜೆಂಟಾ, ಹಳದಿ, ಕಪ್ಪು. ಬೂದು ಅನ್ನುವ ಇಂಕ್ ಇಲ್ಲ. ಅದನ್ನು ಪ್ರಿಂಟರ್ ಬಹಳ ಸಲ ಮೂರು ಬಣ್ಣ ಬೆರೆಸಿ ಕಟ್ಟುತ್ತೆ. ಪಿಯುಸಿ ಲ್ಯಾಬಿನ ವೀಟ್‌ಸ್ಟನ್ ಬ್ರಿಡ್ಜ್ ನೆನಪಿದೆಯಲ್ಲ? ಒಂದು ರೆಸಿಸ್ಟೆನ್ಸ್ ಚೂರು ಬದಲಾದರೂ ಗ್ಯಾಲ್ವನೋಮೀಟರಿನ ಮುಳ್ಳು ಅಲ್ಲಾಡುತ್ತೆ. ಇಲ್ಲೂ ಹಾಗೇ. ಕೆಂಪು ಸೀರೆಯಲ್ಲಿ ಮೆಜೆಂಟಾ ತುಸು ಹೆಚ್ಚಾದರೆ ಯಾರಿಗೂ ಗೊತ್ತಾಗೋದಿಲ್ಲ, ಬೂದಿನಲ್ಲಿ ಆದರೆ ಕಣ್ಣು ತಕ್ಷಣ ಹಿಡಿಯುತ್ತೆ.

ಹಳೆಯ ಡಾರ್ಕ್‌ರೂಮಿನಲ್ಲಿ ಈ ತೊಂದರೆ ಇರಲಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಕಾಲದ ಕಪ್ಪು-ಬಿಳುಪು ಪ್ರಿಂಟುಗಳಲ್ಲಿ ಕಪ್ಪಾಗಿ ಕಾಣುವುದು ಬೆಳ್ಳಿಯ ಸೂಕ್ಷ್ಮ ಕಣಗಳು. ಪೇಪರ್, ಡೆವಲಪರ್ ನೋಡಿಕೊಂಡು ಅದು ತುಸು ಬೆಚ್ಚಗೆ ಅಥವಾ ತಣ್ಣಗೆ ಕಾಣಬಹುದು, ಆದರೆ ಮೂರು ಬಣ್ಣಗಳ ಜಗಳ ಅಲ್ಲಿಲ್ಲ. ನಮಗೆ ಇದೆ, ಹಾಗಾಗಿ ಒಂದೊಂದಾಗಿ ಪರೀಕ್ಷಿಸಬೇಕು.

ಮೊದಲು ನಾಝಲ್ ಚೆಕ್. ಸಾದಾ ಹಾಳೆಯ ಮೇಲೆ ಮಾಡಿದರೆ ಸಾಕು. ಹಳದಿ ಸರಿಯಾಗಿ ಬರದಿದ್ದರೆ ಬೂದು ನೀಲಿಗೆ ತಿರುಗುತ್ತೆ, ಮೆಜೆಂಟಾ ಬರದಿದ್ದರೆ ಹಸಿರಿಗೆ, ಸಯಾನ್ ಬರದಿದ್ದರೆ ಕೆಂಪಿಗೆ. ಗೆರೆಗಳು ತುಂಡಾಗಿದ್ದರೆ ಹೆಡ್ ಕ್ಲೀನಿಂಗ್ ಮಾಡಿ ಮುಂದೆ ಹೋಗಿ. ಇದನ್ನು ಬಿಟ್ಟು ಸಾಫ್ಟ್‌ವೇರಿನಲ್ಲಿ ಬಣ್ಣ ತಿದ್ದಿದರೆ, ನಾಳೆ ನಾಝಲ್ ತೆರೆದುಕೊಂಡಾಗ ಛಾಯೆ ಇನ್ನೊಂದು ಕಡೆಗೆ ವಾಲುತ್ತೆ.

ಎರಡನೆಯದು ಪೇಪರ್. ಡ್ರೈವರಿನಲ್ಲಿ ಟ್ರೇನಲ್ಲಿರುವ ಪೇಪರನ್ನೇ ಆರಿಸಿ. ಹಲವು ಇಂಕ್ ಟ್ಯಾಂಕ್ ಪ್ರಿಂಟರುಗಳಲ್ಲಿ ಕಪ್ಪು ಇಂಕ್ ಪಿಗ್ಮೆಂಟ್, ಉಳಿದ ಮೂರು ಡೈ. ಇಂಥ ಪಿಗ್ಮೆಂಟ್ ಕಪ್ಪು ಗ್ಲಾಸಿ ಪೇಪರಿನ ಮೇಲೆ ಸರಿಯಾಗಿ ಕೂರೋದಿಲ್ಲ. ಹಾಗಾಗಿ ಗ್ಲಾಸಿ ಅಂತ ಆರಿಸಿದರೆ ಡ್ರೈವರ್ ಕಪ್ಪನ್ನು ಬಿಟ್ಟು ಮೂರು ಬಣ್ಣಗಳಿಂದಲೇ ಎಲ್ಲ ಕಟ್ಟಬಹುದು. 'ಗ್ರೇಸ್ಕೇಲ್' ಟಿಕ್ ಮಾಡಿದರೂ ಛಾಯೆ ಉಳಿಯೋದು ಇದಕ್ಕೇ. ಮ್ಯಾಟ್ ಪೇಪರಿನಲ್ಲಿ ಗ್ರೇಸ್ಕೇಲ್ ಆರಿಸಿದರೆ ಕಪ್ಪು ಇಂಕಿನ ಪಾಲು ಹೆಚ್ಚುವ ಸಾಧ್ಯತೆಯಿದೆ. ತಿಳಿ ಭಾಗಗಳಲ್ಲಿ ಚುಕ್ಕಿಗಳು ತುಸು ಕಾಣಬಹುದು, ಆದರೆ ಬಣ್ಣದ ಕಾಟ ಕಡಿಮೆ.

ಮೂರನೆಯದು, ಬಣ್ಣದ ಲೆಕ್ಕ ಒಬ್ಬರೇ ಮಾಡಲಿ. ಫೋಟೊಶಾಪ್ ಅಥವಾ ಗಿಂಪ್ ಪ್ರೊಫೈಲ್ ಹಚ್ಚುತ್ತಿದ್ದರೆ ಡ್ರೈವರಿನ ಕಲರ್ ಮ್ಯಾನೇಜ್‌ಮೆಂಟ್ ಆಫ್ ಇರಲಿ. ಇಬ್ಬರೂ ತಿದ್ದಿದರೆ ಸಾರಿಗೆ ಎರಡು ಸಲ ಉಪ್ಪು ಬಿದ್ದ ಹಾಗೆ. ಪ್ರೊಫೈಲ್ ಅನ್ನೋದು ನಿರ್ದಿಷ್ಟ ಇಂಕ್ ಮತ್ತು ಪೇಪರ್ ಜೋಡಿಗೆ ಮಾಡಿದ್ದು. ಬೇರೆ ಇಂಕ್ ತುಂಬಿಸಿದ್ದರೆ ಆ ಲೆಕ್ಕ ತಪ್ಪಬಹುದು.

ಇಷ್ಟಾದ ಮೇಲೂ ಛಾಯೆ ಇದ್ದರೆ ಟೆಸ್ಟ್ ಪಟ್ಟಿ ಮಾಡಿ. 0, 17, 34 ಹೀಗೆ 17ರ ಲೆಕ್ಕದಲ್ಲಿ 255ರವರೆಗೆ 16 ಚೌಕಗಳು. ಪ್ರತಿ ಚೌಕದಲ್ಲೂ ಕೆಂಪು, ಹಸಿರು, ನೀಲಿ ಮೂರೂ ಒಂದೇ ಸಂಖ್ಯೆ. ಎ4 ಹಾಳೆ ಬೇಡ, ಫೋಟೊ ಪೇಪರಿನ ಒಂದು ತುಂಡು ಸಾಕು. ಒಂದು ದಿನ ಒಣಗಲು ಬಿಡಿ, ಒಣಗುತ್ತಾ ಬಣ್ಣ ಬದಲಾಗುತ್ತೆ. ಆಮೇಲೆ ಯಾವ ಚೌಕದಲ್ಲಿ ಯಾವ ಬಣ್ಣ ಇಣುಕುತ್ತೆ ನೋಡಿ. ಗುಲಾಬಿ ಕಂಡರೆ ಫೈಲನ್ನು ಆರ್‌ಜಿಬಿಗೆ ಬದಲಿಸಿ, ಕರ್ವ್ಸ್‌ನಲ್ಲಿ ಅದೇ ಭಾಗದ ಹಸಿರನ್ನು ಎರಡು-ಮೂರು ಅಂಕಿ ಮಾತ್ರ ಏರಿಸಿ. ಹಸಿರು ಕಂಡರೆ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ನೋಡುವ ಬೆಳಕೂ ಮುಖ್ಯ. ಮೂರು ಇಂಕ್ ಬೆರೆತ ಬೂದು ಬೆಳಕಿನ ಜೊತೆ ಬದಲಾಗುತ್ತೆ. ಆರ್.ಟಿ. ನಗರದ ಪಿಜಿ ರೂಮಿನ ಎಲ್‌ಇಡಿ ಬಲ್ಬಿನಡಿ ಶುದ್ಧ ಬೂದಾಗಿದ್ದದ್ದು ಬಾಲ್ಕನಿಯ ಹಗಲಲ್ಲಿ ಗುಲಾಬಿ ಕಾಣಬಹುದು. ಪೇಪರ್ ಬೆಳ್ಳಗೆ ಕಾಣಲೆಂದು ಸೇರಿಸುವ ರಾಸಾಯನಿಕಗಳೂ ಹಗಲಿನ ಅತಿನೇರಳೆ ಕಿರಣವನ್ನು ನೀಲಿಯಾಗಿ ಹೊಳೆಸುತ್ತವೆ. ಹಾಗಾಗಿ ಪ್ರಿಂಟ್ ಎಲ್ಲಿ ತೂಗುತ್ತೋ ಅಲ್ಲಿನ ಬೆಳಕಿನಲ್ಲೇ ತೀರ್ಮಾನಿಸಿ.

ಎಷ್ಟು ತಿದ್ದಿದರೂ ಕಪ್ಪು ಭಾಗ ಹಸಿರು, ತಿಳಿ ಭಾಗ ಗುಲಾಬಿ ಅಂತ ಎರಡು ದಿಕ್ಕಿಗೆ ಎಳೆದರೆ, ಇಡೀ ಫೋಟೊಗೆ ನೀವೇ ತೆಳುವಾದ ಕಂದು ಛಾಯೆ ಕೊಡಿ. ಒಂದೇ ಸಮನೆ ಹರಡಿದ ಛಾಯೆ ಕಣ್ಣಿಗೆ ದೋಷವಾಗಿ ಕಾಣೋದಿಲ್ಲ. ಹಳೆಯ ಮದುವೆ ಫೋಟೊಗಂತೂ ಅದು ಚೆನ್ನಾಗಿ ಒಪ್ಪುತ್ತೆ.

ಸರಿಬಂದ ಪ್ರಿಂಟಿನ ಹಿಂದೆ ಪೇಪರ್, ಇಂಕ್, ಸೆಟ್ಟಿಂಗ್, ತಾರೀಖು ಪೆನ್ಸಿಲಿನಲ್ಲಿ ಬರೆದಿಡಿ. ಮುಂದಿನ ಸಲ ಚಿಕ್ಕಪ್ಪ, ಅತ್ತೆ ಎಲ್ಲರೂ ತಮಗೂ ಒಂದೊಂದು ಕಾಪಿ ಬೇಕು ಅಂದಾಗ ಮತ್ತೆ ಸೊನ್ನೆಯಿಂದ ಶುರು ಮಾಡಬೇಕಿಲ್ಲ.