ಡೊಳ್ಳಿನ ಮೇಲಿನ ಬೇಡದ ಬಣ್ಣ

ಬೀರಪ್ಪನ ಜಾತ್ರೆಗೆ ಡೊಳ್ಳು ಬೇಕು. ಮೆರವಣಿಗೆಗೆ ಡೊಳ್ಳು ಬೇಕು. ಮೊದಲು ಗಂಡಸರು ಮಾತ್ರ ಬಾರಿಸುತ್ತಿದ್ದರು. ಈಗ ಹೆಂಗಸರ ತಂಡಗಳೂ ಇವೆ. ಸೀರೆ ಬಿಗಿದು, ಡೊಳ್ಳು ಕಟ್ಟಿ ಹೆಂಗಸರು ಕುಣಿಯುವುದನ್ನು ನೀವು ನೋಡಿರಬಹುದು. ನೀವೇ ಬಾರಿಸುವವರೂ ಇರಬಹುದು.

ಹೊಸ ಡೊಳ್ಳು ಕೊಳ್ಳಲು ಬಹಳ ದುಡ್ಡು ಬೇಕು. ಅದಕ್ಕೇ ಅಟ್ಟದ ಮೇಲಿನ ಹಳೇ ಡೊಳ್ಳನ್ನು ಇಳಿಸುತ್ತೇವೆ. ಇಳಿಸಿ ನೋಡಿದರೆ ಮರದ ಮೇಲೆಲ್ಲ ಎಣ್ಣೆ ಬಣ್ಣ! ಯಾವುದೋ ಹಬ್ಬಕ್ಕೆ ಯಾರೋ ಹಳದಿ ಬಳಿದಿದ್ದಾರೆ. ಅದರ ಮೇಲೆ ಇನ್ಯಾರೋ ಕೆಂಪು ಬಳಿದಿದ್ದಾರೆ. ಈಗ ಅದು ಚಕ್ಕೆ ಚಕ್ಕೆಯಾಗಿ ಏಳುತ್ತಿದೆ.

ಆ ಬಣ್ಣದ ಕೆಳಗೆ ಮರದ ಹಳೇ ಮೈ ಇದೆ. ಎಷ್ಟೋ ವರ್ಷ ಕೈ ತಾಗಿದೆ. ಎಣ್ಣೆ ಕುಡಿದಿದೆ. ಭಂಡಾರ ಮೆತ್ತಿದೆ. ಹೀಗೆ ಮರಕ್ಕೆ ಕಂದು ಬಣ್ಣ ಬಂದಿದೆ. ಅದು ಕೊಳೆಯಲ್ಲ. ಅದನ್ನೂ ಹೆರೆದು ಮರವನ್ನು ಬೆಳ್ಳಗೆ ಮಾಡುವವರಿದ್ದಾರೆ. ನಮ್ಮನ್ನು ಕೇಳಿದರೆ ಅದು ಸರಿಯಲ್ಲ. ಬೇಡದ ಬಣ್ಣ ಹೋಗಬೇಕು, ಹಳೇ ಮೈ ಉಳಿಯಬೇಕು.

ಒಂದು ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಡೊಳ್ಳಿನ ಮುಂದೆ ಕೂತಿದ್ದಾರೆ. ಅವರ ಮಾತು ಕೇಳಿ.

ಸೊಸೆ : ಅತ್ತೀ, ಬೆಂಕಿ ಹಿಡಿದು ಸುಟ್ಟರೆ ಬಣ್ಣ ಬೇಗ ಏಳ್ತದಂತೆ.

ಅತ್ತೆ : ಬ್ಯಾಡವ್ವಾ. ಮರ ಸೀಳು ಬಿಡ್ತದೆ. ಆ ಹೊಗೆ ವಿಷ.

ಸೊಸೆ : ಹಂಗಾದ್ರೆ ಸೀಮೆಎಣ್ಣೆ ಹಚ್ಚಲೇನು?

ಅತ್ತೆ : ಒಣಗಿದ ಎಣ್ಣೆ ಬಣ್ಣ ಸೀಮೆಎಣ್ಣೆಗೆ ಕರಗಂಗಿಲ್ಲ. ಮರ ಎಣ್ಣೆ ಕುಡಿದು ನಾರ್ತದೆ, ಅಷ್ಟೆ.

ಸೊಸೆ : ಮರಳು ಕಾಗದದಾಗ ಗಸಗಸ ಉಜ್ಜಿಬಿಡ್ತೀನಿ, ಬಿಡ್ರಿ.

ಅತ್ತೆ : ಮೊದಲು ಆ ಕೂಸನ್ನ ನೋಡು! ಬಾಯಾಗ ಏನು ಇಟ್ಕೊಂಡದೆ?

ಮೂರು ವರ್ಷದ ಕೂಸು ಉದುರಿದ ಹಳದಿ ಚಕ್ಕೆಯನ್ನು ಬಾಯಿಗೆ ಹಾಕಿತ್ತು. ಸೊಸೆ ಬೆರಳು ಹಾಕಿ ತೆಗೆದಳು. ಕೂಸಿನ ಬಾಯಿ ತೊಳೆದಳು.

ಅತ್ತೆ ಗಾಬರಿಯಾದದ್ದು ಸುಮ್ಮನೆ ಅಲ್ಲ. ಹಳೇ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಸೀಸ ಒಂದು ಲೋಹ. ಬಣ್ಣ ಹೊಳೆಯಲಿ, ಬೇಗ ಒಣಗಲಿ, ಬಹಳ ದಿನ ಬಾಳಲಿ ಎಂದು ಅದನ್ನು ಸೇರಿಸುತ್ತಿದ್ದರು. ಹಳದಿ, ಕೆಂಪು, ಕಿತ್ತಳೆ, ಹಸಿರು ಬಣ್ಣಗಳಲ್ಲಿ ಅದು ಹೆಚ್ಚು ಇರುತ್ತಿತ್ತು. ನಮ್ಮ ದೇಶದಲ್ಲಿ 2016ರಲ್ಲಿ ಇದಕ್ಕೆ ಒಂದು ನಿಯಮ ಬಂತು. 2017ರ ನವೆಂಬರಿನಿಂದ ಅದು ಜಾರಿಯಾಯಿತು. ಮನೆಗೆ ಬಳಿಯುವ ಬಣ್ಣದಲ್ಲಿ 10 ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದು. ಅಟ್ಟದ ಮೇಲಿನ ಡೊಳ್ಳಿಗೆ ಬಣ್ಣ ಬಳಿದದ್ದು ಅದಕ್ಕೂ ಎಷ್ಟೋ ವರ್ಷ ಹಿಂದೆ. ಅದರಲ್ಲಿ ಸೀಸ ಇದೆ ಎಂದೇ ತಿಳಿದು ಕೆಲಸ ಮಾಡಬೇಕು. ಕಣ್ಣಿಗೆ ಅದು ಕಾಣುವುದಿಲ್ಲ.

ಸೀಸ ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರುತ್ತದೆ. ಆಮೇಲೆ ಎಲುಬಿನಲ್ಲಿ ಕೂರುತ್ತದೆ. ಚಿಕ್ಕ ಮಕ್ಕಳ ಮಿದುಳಿಗೆ ಬಹಳ ಕೆಟ್ಟದ್ದು. ಮಗು ಕಲಿಯುವುದರಲ್ಲಿ ಹಿಂದೆ ಬೀಳಬಹುದು. ಬಸುರಿಯ ರಕ್ತದಿಂದ ಹೊಟ್ಟೆಯ ಕೂಸಿಗೂ ಹೋಗುತ್ತದೆ. ಹೊಟ್ಟೆ ನೋವು, ಮಲಬದ್ಧತೆ, ರಕ್ತ ಕಡಿಮೆಯಾಗುವುದು ಇದರ ಲಕ್ಷಣಗಳು. ಎಷ್ಟೋ ಸಲ ಏನೂ ಗೊತ್ತೇ ಆಗುವುದಿಲ್ಲ. ರಕ್ತ ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ. ಕೂಸು ಚಕ್ಕೆ ತಿಂದಿದೆ ಎನಿಸಿದರೆ ಡಾಕ್ಟರಿಗೆ ಹೇಳಿ. "ಬಣ್ಣದ ಚಕ್ಕೆ ತಿಂದಿದೆ, ಅದರಲ್ಲಿ ಸೀಸ ಇರಬಹುದು" ಎಂದು ಬಿಡಿಸಿ ಹೇಳಿ. ಮಕ್ಕಳಿಗೆ ರಾಗಿ, ಸೊಪ್ಪು, ಹಾಲು ಚೆನ್ನಾಗಿ ಕೊಡಿ. ಸುಣ್ಣದ ಅಂಶ, ಕಬ್ಬಿಣದ ಅಂಶ ಇರುವ ಊಟ ತಿಂದರೆ ಮೈ ಸೀಸವನ್ನು ಕಡಿಮೆ ಹೀರುತ್ತದೆ.

ಹಾಗಾದರೆ ಡೊಳ್ಳನ್ನು ಏನು ಮಾಡುವುದು?

ಬಣ್ಣ ಗಟ್ಟಿಯಾಗಿ ಕೂತಿದೆಯೇ? ಎಲ್ಲೂ ಏಳುತ್ತಿಲ್ಲವೇ? ಹಾಗಿದ್ದರೆ ಬಿಟ್ಟುಬಿಡಿ. ಚಂದ ಕಾಣದಿದ್ದರೂ ಚಿಂತೆಯಿಲ್ಲ. ಮರದ ಹೊರಮೈಗೆ ಬಣ್ಣ ಇದ್ದರೆ ನಾದ ಅಷ್ಟೇನೂ ಕೆಡುವುದಿಲ್ಲ. ಕೆಡುವುದು ಚರ್ಮಕ್ಕೆ ಬಣ್ಣ ಬಿದ್ದಾಗ. ಚರ್ಮ ಬಿರುಸಾಗಿ ದನಿ ಕಟ್ಟಿಕೊಳ್ಳುತ್ತದೆ. ಆ ಬಣ್ಣವನ್ನು ತೆಗೆಯಲು ಹೋದರೆ ಚರ್ಮ ಹರಿಯುತ್ತದೆ. ಅದಕ್ಕೆ ಹೊಸ ಚರ್ಮ ಹಾಕಿಸುವುದೇ ಮೇಲು.

ಮರದ ಬಣ್ಣ ಏಳುತ್ತಿದ್ದರೆ ಮಾತ್ರ ತೆಗೆಯಿರಿ. ಮೊದಲು ಡೊಳ್ಳು ಕಟ್ಟುವವರನ್ನು ಕರೆದು ಹಗ್ಗ ಬಿಚ್ಚಿಸಿ, ಚರ್ಮ ತೆಗೆಸಿ. ಚರ್ಮಕ್ಕೆ ನೀರು ತಾಗಬಾರದು. ಮನೆಯ ಹಿರಿಯರನ್ನೂ ಒಂದು ಮಾತು ಕೇಳಿ. ಬಣ್ಣದ ಅಡಿಯಲ್ಲಿ ಹೆಸರೋ ಗುರುತೋ ಕೊರೆದಿರಬಹುದು.

ಕೆಲಸ ಹೊರಗೆ ಬಯಲಿನಲ್ಲಿ ಆಗಬೇಕು. ಗಾಳಿ ಜೋರಾಗಿ ಬೀಸುವ ದಿನ ಬೇಡ. ಮಕ್ಕಳು, ಬಸುರಿಯರು, ಎದೆಹಾಲು ಕೊಡುವವರು ಹತ್ತಿರ ಇರಬಾರದು. ಕೋಳಿಗಳನ್ನೂ ಅತ್ತ ಬಿಡಬೇಡಿ. ಅವು ಚಕ್ಕೆ ಹೆಕ್ಕಿದರೆ ಮೊಟ್ಟೆಗೂ ಸೀಸ ಬರುತ್ತದೆ. ನೆಲಕ್ಕೆ ದೊಡ್ಡ ಪ್ಲಾಸ್ಟಿಕ್ ಹಾಳೆ ಹಾಸಿ.

ಒದ್ದೆ ಬಟ್ಟೆಯಿಂದ ಒಂದು ಕಡೆ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಹತ್ತಿತೇ? ಅದು ಡಿಸ್ಟೆಂಪರ್ ಇಲ್ಲವೇ ಪುಡಿ ಬಣ್ಣ. ಒದ್ದೆ ಬಟ್ಟೆಯಲ್ಲೇ ಹೋಗುತ್ತದೆ. ಹತ್ತದಿದ್ದರೆ ಎಣ್ಣೆ ಬಣ್ಣ. ಸೋಪಿನ ನೀರನ್ನು ಬಟ್ಟೆಯಲ್ಲಿ ಅದ್ದಿ ಒರೆಸಿ. ಬಣ್ಣ ತೇವ ಆದರೆ ಪುಡಿ ಹಾರುವುದಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡರೆ ಸಾಲದು. ಸಣ್ಣ ಪುಡಿಯನ್ನು ಸೆರಗು ತಡೆಯುವುದಿಲ್ಲ. ನೀರೇ ತಡೆಯುವುದು. ಒಣ ಮರಳು ಕಾಗದ ಬೇಡವೆಂದದ್ದು ಇದಕ್ಕೇ.

ಬಣ್ಣದವರ ಹತ್ತಿರ ತಗಡಿನ ಪಟ್ಟಿ ಇರುತ್ತದೆ. ಮೊಂಡಾದ ಪಟ್ಟಿ ಸಾಕು. ಮರದ ಎಳೆ ಹೋದ ಕಡೆಗೇ ಮೆಲ್ಲಗೆ ಹೆರೆಯಿರಿ. ಅಡ್ಡ ಹೆರೆದರೆ ಗೀರು ಬೀಳುತ್ತದೆ. ಒಂದು ಗೇಣು ಹೆರೆದ ಮೇಲೆ ಒರೆಸಿ, ಮತ್ತೆ ತೇವ ಮಾಡಿ. ಕಂದು ಮೈ ಕಂಡ ಕೂಡಲೇ ನಿಲ್ಲಿಸಿ. ಬಿರುಕಿನಲ್ಲಿ, ಕೆತ್ತನೆಯಲ್ಲಿ ಉಳಿದ ಬಣ್ಣ ಅಲ್ಲೇ ಇರಲಿ. ಒಂದೇ ದಿನಕ್ಕೆ ಮುಗಿಸುವ ಹಟ ಬೇಡ.

ಕಾಸ್ಟಿಕ್ ಸೋಡಾ ಹಾಕಿ ಎಂದು ಯಾರಾದರೂ ಹೇಳಿಯಾರು. ಅದು ಬಣ್ಣ ಕೀಳುತ್ತದೆ, ನಿಜ. ಕೈ ಕಣ್ಣನ್ನೂ ಸುಡುತ್ತದೆ, ಮರವನ್ನು ಕಪ್ಪು ಮಾಡುತ್ತದೆ. ಪಾಲಿಶ್ ಮಾಡುವವರ ಸ್ಪಿರಿಟ್ ಕೂಡ ಬೇಡ. ಅದು ಹಳೇ ಅರಗಿನ ಪಾಲಿಶನ್ನು ಕರಗಿಸುತ್ತದೆ, ಎಣ್ಣೆ ಬಣ್ಣವನ್ನು ಅಷ್ಟಾಗಿ ಕರಗಿಸುವುದಿಲ್ಲ. ಬೇಕಾದದ್ದು ಹೋಗಿ ಬೇಡದ್ದು ಉಳಿಯುತ್ತದೆ!

ಚಕ್ಕೆಗಳನ್ನು ಒದ್ದೆ ಇರುವಾಗಲೇ ಹಾಳೆ ಸಮೇತ ಸುತ್ತಿ ಬಿಗಿಯಾಗಿ ಕಟ್ಟಿ. ಒಲೆಗೆ ಹಾಕಬೇಡಿ. ತಿಪ್ಪೆಗೂ ಹಾಕಬೇಡಿ, ತಿಪ್ಪೆ ಗೊಬ್ಬರ ಹೊಲಕ್ಕೆ ಹೋಗುತ್ತದಲ್ಲ. ಕಸದ ಗಾಡಿಯವರಿಗೆ ಬೇರೆಯಾಗಿ ಕೊಟ್ಟು, ಇದು ಬಣ್ಣದ ಕಸ ಎಂದು ಹೇಳಿ. ಉಟ್ಟ ಬಟ್ಟೆಯನ್ನು ಬೇರೆ ಒಗೆಯಿರಿ. ಸ್ನಾನ ಮಾಡಿಯೇ ಕೂಸನ್ನು ಎತ್ತಿಕೊಳ್ಳಿ.

ಮರ ನಾಲ್ಕು ದಿನ ನೆರಳಿನಲ್ಲಿ ಒಣಗಲಿ. ಬಿಸಿಲಿಗಿಟ್ಟರೆ ಸೀಳುತ್ತದೆ. ಆಮೇಲೆ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ. ಹರಳೆಣ್ಣೆ ಬೇಡ, ಅದು ಒಣಗದೆ ಅಂಟಂಟಾಗಿ ಉಳಿಯುತ್ತದೆ. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹೊರಗೆ ಹರವಿ ಒಣಗಿಸಿ.

ಮುಂದೆ ಬಾಗಿಲಿಗೋ ತೊಟ್ಟಿಲಿಗೋ ಹೊಸ ಬಣ್ಣ ತರುವಾಗ ಡಬ್ಬಿಯನ್ನು ತಿರುಗಿಸಿ ನೋಡಿ. ಅಕ್ಷರ ಇಂಗ್ಲಿಷಿನಲ್ಲಿ ಇರಬಹುದು. ಅಂಕಿ ಓದಲು ನಿಮಗೆ ಬರುತ್ತದೆ. ಸೀಸದ ಮಾತಿನ ಜೊತೆ 90 ಎಂಬ ಅಂಕಿ ಇರಬೇಕು. ಡಬ್ಬಿ ತಯಾರಾದ ತಿಂಗಳು, ವರ್ಷವೂ ಇರಬೇಕು. ಕಾಣದಿದ್ದರೆ "ಎಲ್ಲಿದೆ, ತೋರಿಸಿ" ಎಂದು ಅಂಗಡಿಯವರನ್ನು ಕೇಳಿ.