ಕಂಟೈನರ್‌ನ ತೂಕ: ಕಳೆಯೋ ಲೆಕ್ಕದಲ್ಲಿ ನಾನು ಮಾಡಿದ ತಪ್ಪು

ವಿಜಯನಗರ ಎರಡನೇ ಹಂತದಲ್ಲಿ ರೂಮ್ ಮಾಡ್ಕೊಂಡಿರೋರಿಗೆ ರಿಂಗ್ ರೋಡ್ ಬಗ್ಗೆ ಹೇಳಬೇಕಾಗಿಲ್ಲ. ರಾತ್ರಿ ಹಿನಕಲ್ ಫ್ಲೈಓವರ್ ಕಡೆ ಟೀ ಕುಡಿಯೋಕೆ ಹೋದ್ರೆ ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿ ಕಡೆಯಿಂದ ಟ್ರೈಲರ್‌ಗಳು ಬರ್ತಾ ಇರ್ತವೆ. ಕೆಲವದರ ಮೇಲೆ ಕಂಟೈನರ್ ಇರುತ್ತೆ. ಮೈಸೂರಿನಲ್ಲಿ ಸಮುದ್ರ ಇಲ್ಲ, ನಿಜ. ಆದ್ರೆ ಟೈರು, ಆಕ್ಸಲ್, ಊದುಬತ್ತಿ, ಕಾಫಿ ಎಲ್ಲ ಇಲ್ಲಿಂದಲೇ ಹಡಗಿನ ಕಡೆಗೆ ಹೊರಡೋದು.

ಮುಂದಿನ ಸಲ ಅಂಥ ಕಂಟೈನರ್‌ನ ಹಿಂಬಾಗಿಲು ನೋಡಿ. ಬಲಗಡೆ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಕಂಟೈನರ್ ನಂಬರ್, ಅದರ ಕೆಳಗೆ ಕೆಲವು ತೂಕಗಳು. ಮ್ಯಾಕ್ಸ್ ಗ್ರಾಸ್ ಅಂದ್ರೆ ಸರಕೂ ಸೇರಿ ಕಂಟೈನರ್ ತೂಗಬಹುದಾದ ಗರಿಷ್ಠ. 20 ಅಡಿಯದ್ದಕ್ಕೆ ಸಾಮಾನ್ಯವಾಗಿ 30,480 ಕೆಜಿ. ಟೇರ್ ಅಂದ್ರೆ ಖಾಲಿ ಕಂಟೈನರ್‌ನ ತೂಕ, 2,200 ಕೆಜಿ ಆಸುಪಾಸು. ಈ ಎರಡನೇ ಸಂಖ್ಯೆ ಕಳೆದ ರಜೆಯ ಇಂಟರ್ನ್‌ಶಿಪ್‌ನಲ್ಲಿ ನನ್ನ ಮಾನ ಕಳೆದಿತ್ತು. ಅದಕ್ಕೆ ಆಮೇಲೆ ಬರ್ತೀನಿ.

2016ರ ಜುಲೈ 1ರಿಂದ ಪ್ರಪಂಚದಾದ್ಯಂತ ಒಂದು ನಿಯಮ ಜಾರಿಯಲ್ಲಿದೆ. ಸರಕು ತುಂಬಿದ ಕಂಟೈನರ್‌ನ ತೂಕವನ್ನು ನಿಜವಾಗಿ ತೂಗಿ, ಬರೆದು, ಸಹಿ ಮಾಡಿ ಕೊಡದಿದ್ದರೆ ಅದನ್ನ ಹಡಗಿಗೆ ಹತ್ತಿಸೋ ಹಾಗಿಲ್ಲ. ಹಾಗೆ ಕೊಟ್ಟ ಸಂಖ್ಯೆಗೆ ವೆರಿಫೈಡ್ ಗ್ರಾಸ್ ಮಾಸ್, ಚಿಕ್ಕದಾಗಿ ವಿಜಿಎಂ ಅಂತಾರೆ. ಇದು ಸೋಲಾಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಆರನೇ ಅಧ್ಯಾಯದಲ್ಲಿದೆ. ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಮೊದಲ ರೂಪ ಪಡೆದ, ಸಮುದ್ರದಲ್ಲಿ ಜೀವ ಉಳಿಸೋದಕ್ಕಾಗಿಯೇ ಇರೋ ಒಪ್ಪಂದ ಅದು. ಸಹಿ ಮಾಡಬೇಕಾದವನು ಸರಕು ಕಳಿಸೋ ಶಿಪ್ಪರ್. ಲಾರಿ ಡ್ರೈವರ್ ಅಲ್ಲ, ವೇ ಬ್ರಿಡ್ಜ್‌ನವನೂ ಅಲ್ಲ, ಬಂದರಿನವರೂ ಅಲ್ಲ.

ಒಂದು ಕಂಟೈನರ್‌ನ ತೂಕ ಒಂದೆರಡು ಟನ್ ಆಚೀಚೆ ಆದ್ರೆ ಅಷ್ಟು ದೊಡ್ಡ ಹಡಗಿಗೆ ಏನಾಗುತ್ತೆ ಅಂತ ನನಗೂ ಮೊದಲು ಅನಿಸಿತ್ತು. ಉತ್ತರ ನಮ್ಮ ಸಿಲಬಸ್‌ನಲ್ಲೇ ಇದೆ. ಎಸ್‌ಓಎಂನಲ್ಲಿ ಬೀಮ್ ಮೇಲೆ ಲೋಡ್ ಹಾಕಿ ಬೆಂಡಿಂಗ್ ಮೊಮೆಂಟ್ ಡಯಾಗ್ರಾಂ ಬಿಡಿಸ್ತೀವಲ್ಲ, ಹಡಗೂ ಅಂಥದ್ದೇ ಒಂದು ಉದ್ದನೆಯ ಬೀಮ್. ಕೆಳಗಿನಿಂದ ನೀರು ಎತ್ತುತ್ತೆ, ಮೇಲಿನಿಂದ ಕಂಟೈನರ್‌ಗಳು ಒತ್ತುತ್ತವೆ. ಅಲೆಯ ತುದಿ ಹಡಗಿನ ನಡುವೆ ಬಂದಾಗ ಎರಡೂ ಕೊನೆ ಕೆಳಗೆ ಬಾಗುತ್ತವೆ. ಅಲೆಯ ತಗ್ಗು ನಡುವೆ ಬಂದಾಗ ಹೊಟ್ಟೆ ಕೆಳಗಿಳಿಯುತ್ತೆ. ಎಲ್ಲಿ ಎಷ್ಟು ಭಾರ ಇಡಬೇಕು ಅಂತ ಹಡಗಿನವರು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿಯೇ ಜೋಡಿಸ್ತಾರೆ. ಆ ಕಂಪ್ಯೂಟರ್‌ಗೆ ಹೋಗೋದು ನಾವು ಬರೆದುಕೊಟ್ಟ ಸಂಖ್ಯೆಗಳು. ಇನ್ನು ಫ್ಲೂಯಿಡ್ ಮೆಕ್ಯಾನಿಕ್ಸ್‌ನ ಮೆಟಾಸೆಂಟರ್ ನೆನಪಿದ್ರೆ, ಹಗುರ ಅಂತ ಬರೆದು ಭಾರದ ಕಂಟೈನರ್ ಕಳಿಸಿದ್ರೆ ಏನಾಗುತ್ತೆ ಅಂತ ಊಹಿಸಬಹುದು. ಅದನ್ನ ಸಾಲಿನ ಮೇಲ್ತುದಿಯಲ್ಲಿ ಇಡ್ತಾರೆ, ಗುರುತ್ವ ಕೇಂದ್ರ ಮೇಲೇರುತ್ತೆ, ಜಿಎಂ ಕಡಿಮೆಯಾಗುತ್ತೆ.

2007ರ ಜನವರಿ 18ರಂದು ಎಂಎಸ್‌ಸಿ ನಾಪೊಲಿ ಅನ್ನೋ ಕಂಟೈನರ್ ಹಡಗು ಆಂಟ್‌ವರ್ಪ್‌ನಿಂದ ಪೋರ್ಚುಗಲ್ ಕಡೆಗೆ ಹೊರಟಿತ್ತು. ಇಂಗ್ಲಿಷ್ ಕಾಲುವೆಯ ಬಿರುಗಾಳಿಯಲ್ಲಿ ಎಂಜಿನ್ ರೂಮ್ ಹತ್ತಿರ ಅದರ ಒಡಲೇ ಮುರಿಯಿತು. 26 ಜನ ಸಿಬ್ಬಂದಿ ಲೈಫ್‌ಬೋಟ್‌ಗೆ ಇಳಿದರು, ಹೆಲಿಕಾಪ್ಟರ್‌ಗಳು ಬಂದು ಎಲ್ಲರನ್ನೂ ಎತ್ತಿಕೊಂಡವು. ಹಡಗನ್ನ ಇಂಗ್ಲೆಂಡಿನ ಡೆವನ್ ತೀರದಲ್ಲಿ ದಡ ಹತ್ತಿಸಿದ ಮೇಲೆ, ಡೆಕ್ ಮೇಲೆ ನೀರು ತಾಗದೆ ಉಳಿದಿದ್ದ ಸುಮಾರು 660 ಕಂಟೈನರ್‌ಗಳನ್ನ ಇಳಿಸಿ ತೂಗಿದರು. ಅವುಗಳಲ್ಲಿ 137ರ ತೂಕ, ಅಂದ್ರೆ ಐದರಲ್ಲಿ ಒಂದರದ್ದು, ಕಾಗದದಲ್ಲಿ ಬರೆದಿದ್ದಕ್ಕಿಂತ 3 ಟನ್‌ಗೂ ಹೆಚ್ಚು ಆಚೀಚೆ ಇತ್ತು. ಒಂದರಲ್ಲಂತೂ 20 ಟನ್ ವ್ಯತ್ಯಾಸ! ಹಡಗು ಮುರಿದಿದ್ದಕ್ಕೆ ತೂಕವೊಂದೇ ಕಾರಣ ಅಂತ ತನಿಖೆಯವರು ಹೇಳಲಿಲ್ಲ. ಒಡಲಿನ ವಿನ್ಯಾಸ, ಆ ಅಲೆಗಳಲ್ಲಿ ಹೋಗ್ತಿದ್ದ ವೇಗ ಮುಖ್ಯ ಕಾರಣಗಳಾಗಿದ್ದವು. ಆದ್ರೆ ಇದ್ದ ಅಲ್ಪಸ್ವಲ್ಪ ಸುರಕ್ಷತೆಯ ಅಂತರವನ್ನ ಈ ಸುಳ್ಳು ತೂಕಗಳೂ ತಿಂದುಹಾಕಿದ್ದವು. ನಮ್ಮ ಭಾಷೆಯಲ್ಲಿ, ಫ್ಯಾಕ್ಟರ್ ಆಫ್ ಸೇಫ್ಟಿ ಕರಗಿತ್ತು. ಇಂಥ ಹಲವು ಘಟನೆಗಳ ನಂತರವೇ 2016ರ ನಿಯಮ ಬಂದದ್ದು.

ತೂಗೋಕೆ ಎರಡು ದಾರಿ ಇವೆ. ಒಂದನೇದು, ತುಂಬಿ ಸೀಲ್ ಮಾಡಿದ ಕಂಟೈನರನ್ನೇ ತೂಗೋದು. ಎರಡನೇದು, ಒಳಗೆ ಹೋಗೋ ಪ್ರತಿಯೊಂದನ್ನೂ ಬೇರೆ ಬೇರೆ ತೂಗಿ, ಪ್ಯಾಲೆಟ್, ಪ್ಯಾಕಿಂಗ್, ಅಲುಗಾಡದ ಹಾಗೆ ಕಟ್ಟೋ ಮರ-ಪಟ್ಟಿ ಎಲ್ಲ ಕೂಡಿಸಿ, ಕೊನೆಗೆ ಟೇರ್ ಸೇರಿಸೋದು. ಗುಜರಿ ಕಬ್ಬಿಣ, ಚೀಲಕ್ಕೆ ಹಾಕದ ಧಾನ್ಯ ಇಂಥವಕ್ಕೆ ಎರಡನೇ ದಾರಿ ನಡೆಯಲ್ಲ.

ಎರಡನೇ ದಾರಿ ಸುಲಭ ಅನಿಸುತ್ತೆ, ಆದ್ರೆ ಬಿಟ್ಟುಹೋಗೋದೇ ಹೆಚ್ಚು. ಕುಶಾಲನಗರದ ಕಡೆ ಕ್ಯೂರಿಂಗ್ ಆಗಿ ಮಂಗಳೂರು ಬಂದರಿಗೆ ಹೋಗೋ ಕಾಫಿ ಬೀಜವನ್ನೇ ತಗೊಳ್ಳಿ. 60 ಕೆಜಿಯ ಗೋಣಿಚೀಲ 320 ತುಂಬಿದ್ರೆ 19,200 ಕೆಜಿ. ಇನ್‌ವಾಯ್ಸ್‌ನಲ್ಲಿ ಇರೋದು ಈ ಸಂಖ್ಯೆ, ಯಾಕಂದ್ರೆ ದುಡ್ಡು ಕೊಡೋದು ಕಾಫಿಗೆ. ಹಡಗಿಗೆ ಅದು ಸಾಲಲ್ಲ. ಚೀಲವೊಂದು 700 ಗ್ರಾಂ ತೂಗಿತು ಅಂತಿಟ್ಕೊಳ್ಳಿ, 320ಕ್ಕೆ 224 ಕೆಜಿ. ತೇವ ತಾಗದಿರಲಿ ಅಂತ ಒಳಗೋಡೆಗೆ ಹಾಕೋ ಕಾಗದ, ರಟ್ಟು ಇನ್ನೊಂದು 40. ಕಂಟೈನರ್ 2,200. ಒಟ್ಟು 21,664. ಇನ್‌ವಾಯ್ಸ್ ನೋಡಿ ವಿಜಿಎಂ ಬರೆದವನು 2,464 ಕೆಜಿ ನುಂಗಿಹಾಕಿದ ಹಾಗೆ. ಅದೂ ಅಲ್ದೆ ಚೀಲ ಇಷ್ಟಿರಬಹುದು ಅಂತ ನಾನು ಈಗ ಅಂದಾಜು ಮಾಡಿದೆನಲ್ಲ, ಅಲ್ಲಿ ಹಾಗೆ ಮಾಡೋ ಹಾಗಿಲ್ಲ, ತೂಗಬೇಕು.

ಗ್ರಾನೈಟ್‌ದು ಬೇರೆ ಕಥೆ. ಚಾಮರಾಜನಗರದ ಕರಿಕಲ್ಲು ಒಂದು ಘನ ಮೀಟರ್‌ಗೆ ಹೆಚ್ಚುಕಡಿಮೆ 3 ಟನ್ ಬರುತ್ತೆ. 20 ಅಡಿ ಕಂಟೈನರ್‌ನಲ್ಲಿ 33 ಘನ ಮೀಟರ್ ಜಾಗ ಇದ್ರೂ ಒಂಬತ್ತು ಘನ ಮೀಟರ್‌ಗೇ ತೂಕದ ಮಿತಿ ಹತ್ರ ಬಂತು. ಉದ್ದ, ಅಗಲ, ಎತ್ತರ ಗುಣಿಸಿ ತೂಕ ಹೇಳೋ ಅಭ್ಯಾಸ ಇರೋ ಸರಕಿನಲ್ಲಿ ಅಳತೆ ಸ್ವಲ್ಪ ತಪ್ಪಿದ್ರೂ ಟನ್‌ಗಟ್ಟಲೆ ಹೋಗುತ್ತೆ. ಊದುಬತ್ತಿಗೆ ಈ ಚಿಂತೆ ಇಲ್ಲ. ತೂಕ ಮುಗಿಯೋ ಮೊದಲೇ ಜಾಗ ಮುಗಿಯುತ್ತೆ.

ಈಗ ವೇ ಬ್ರಿಡ್ಜ್. ಪ್ಲಾಟ್‌ಫಾರ್ಮ್ ಕೆಳಗೆ ಆರೋ ಎಂಟೋ ಲೋಡ್ ಸೆಲ್. ಒಳಗೆ ಸ್ಟ್ರೇನ್ ಗೇಜ್‌ಗಳು, ವೀಟ್‌ಸ್ಟೋನ್ ಬ್ರಿಡ್ಜ್. ಪೂರ್ತಿ ಲೋಡ್‌ಗೆ ವೋಲ್ಟ್‌ಗೆ 2 ಮಿಲಿವೋಲ್ಟ್ ಕೊಡೋ ಸೆಲ್‌ಗೆ 10 ವೋಲ್ಟ್ ಕೊಟ್ರೆ ಸಿಗೋದು 20 ಮಿಲಿವೋಲ್ಟ್. 60 ಟನ್ ಯಂತ್ರ 10 ಕೆಜಿಯ ಹೆಜ್ಜೆಯಲ್ಲಿ ತೋರಿಸಬೇಕು ಅಂದ್ರೆ ಅದನ್ನ 6,000 ಭಾಗ ಮಾಡಬೇಕು. ಒಂದು ಭಾಗಕ್ಕೆ ಬರೋದು ಮೂರು ಚಿಲ್ಲರೆ ಮೈಕ್ರೋವೋಲ್ಟ್! ಇಸಿಯವರಿಗೆ ಇದು ಎಷ್ಟು ಕಷ್ಟ ಅಂತ ಗೊತ್ತು. ಆದ್ರೂ ಮಾಡ್ತಾರೆ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ಮುದ್ರೆ ಹಾಕ್ತಾರೆ. ಮೂರನೇ ದರ್ಜೆಯ ಇಂಥ ಯಂತ್ರಕ್ಕೆ 20 ಟನ್ ಮೇಲೆ ತೂಗುವಾಗ ಪರೀಕ್ಷೆಯ ದಿನ 15 ಕೆಜಿ, ಆಮೇಲೆ ಬಳಕೆಯಲ್ಲಿರುವಾಗ 30 ಕೆಜಿ ತಪ್ಪು ಒಪ್ಪಿಗೆ. ಐದರಿಂದ 20 ಟನ್ ಒಳಗಾದ್ರೆ ಬಳಕೆಯಲ್ಲಿ 20 ಕೆಜಿ. ಎರಡು ಸಲ ತೂಗಿ ಕಳೆದಾಗ ಎರಡೂ ತಪ್ಪು ಸೇರಬಹುದು, ಆದ್ರೂ 50 ಕೆಜಿ ದಾಟಲ್ಲ. ಹಾಗಾಗಿ ಟನ್‌ಗಟ್ಟಲೆ ತಪ್ಪು ಬಂದಾಗ ಮೊದಲು ಯಂತ್ರವನ್ನ ಬೈಯೋದು ಬಿಟ್ಟು, ಏನನ್ನ ಏನರಿಂದ ಕಳೆದ್ವಿ ಅಂತ ನೋಡಬೇಕು.

ನನ್ನ ಕಥೆಗೆ ಬಂದೆ. ಎರಕದ ಬಿಡಿಭಾಗ ರಫ್ತು ಮಾಡೋ ಒಂದು ಕಾರ್ಖಾನೆಯಲ್ಲಿ ನನಗೆ ಡಿಸ್ಪ್ಯಾಚ್ ವಿಭಾಗ ಸಿಕ್ಕಿತ್ತು. ಖಾಲಿ ಕಂಟೈನರ್ ಹೊತ್ತು ಬಂದ ಟ್ರೈಲರ್ ಒಳಗೆ ಬರುವಾಗ ತೂಗಿದ್ದು 14,260 ಕೆಜಿ. ಲೋಡ್ ಆಗಿ ಹೊರಗೆ ಹೋಗುವಾಗ 36,480. ಕಳೆದೆ, 22,220. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಪ್ಯಾಲೆಟ್ ಸೇರಿ 22,170 ಇತ್ತು. ಬರೀ 50 ಕೆಜಿ ವ್ಯತ್ಯಾಸ! ಪ್ಯಾಲೆಟ್ ಅಲುಗದ ಹಾಗೆ ಹೊಡೆದ ಮರದ ತುಂಡುಗಳೇ ಅಷ್ಟಿರಬಹುದು ಅಂತ ಸಮಾಧಾನವೂ ಆಯ್ತು. ಫಾರ್ಮ್‌ನಲ್ಲಿ ವಿಜಿಎಂ ಮುಂದೆ 22,220 ಅಂತ ಬರೆದು, ಸಹಿ ಮಾಡಬೇಕಾದ ಸರ್ ಮೇಜಿನ ಮೇಲಿಡೋಕೆ ಹೊರಟಿದ್ದೆ.

ವೇ ಬ್ರಿಡ್ಜ್ ನೋಡ್ಕೊಳ್ಳೋ ಅಣ್ಣ ಚೀಟಿ ಕೊಡೋಕೆ ಬಂದವರು ಫಾರ್ಮ್ ಮೇಲೆ ಕಣ್ಣು ಹಾಯಿಸಿದ್ರು. "ಏನಪ್ಪಾ, ಬಾಕ್ಸಿಗೆ ತೂಕಾನೇ ಇಲ್ವಾ?"

ನನಗೆ ಅರ್ಥ ಆಗಲಿಲ್ಲ. "ಪ್ಯಾಕಿಂಗ್ ಲಿಸ್ಟ್‌ಗೆ ಸರಿ ಹೋಗಿದೆಯಲ್ಲ ಅಣ್ಣ" ಅಂದೆ.

"ಅದಕ್ಕೇ ತಪ್ಪು ಕಣಪ್ಪಾ. ಸರಿ ಹೋಗ್ಬಾರದಿತ್ತು."

ಖಾಲಿ ತೂಕದಲ್ಲೂ ಕಂಟೈನರ್ ಇತ್ತು, ತುಂಬಿದ ತೂಕದಲ್ಲೂ ಇತ್ತು. ಕಳೆದಾಗ ಅದು ಮಾಯ. ಉಳಿದದ್ದು ಸರಕು ಮಾತ್ರ. ಆ ಬಾಕ್ಸಿನ ಟೇರ್ 2,230. ನಿಜವಾದ ವಿಜಿಎಂ 24,450. ಪ್ಯಾಕಿಂಗ್ ಲಿಸ್ಟ್‌ಗೆ ಅಷ್ಟು ಚೆನ್ನಾಗಿ ಹೊಂದಿದ್ದೇ ನಾನು ಏನೋ ಬಿಟ್ಟಿದ್ದೀನಿ ಅನ್ನೋದರ ಗುರುತು. ನನಗದು ಶಭಾಷ್‌ಗಿರಿ ಥರ ಕಂಡಿತ್ತು.

ಕಂಟೈನರ್ ಇಲ್ಲದ ಬರೀ ಟ್ರೈಲರನ್ನ ತೂಗಿ ಕಳೆದಿದ್ರೆ ಈ ಗೊಂದಲ ಇರ್ತಿರಲಿಲ್ಲ, ಟೇರ್ ತಾನಾಗೇ ಒಳಗೆ ಸೇರ್ತಿತ್ತು. ಆದ್ರೆ ಕ್ರೇನ್ ಇಲ್ಲದ ಕಾರ್ಖಾನೆಯಲ್ಲಿ ಬಾಕ್ಸ್ ಇಳಿಸೋದು ಹೇಗೆ? ಕೆಲವರು ಖಾಲಿ ಗಾಡಿ ತೂಕವನ್ನ ಆರ್‌ಸಿ ಬುಕ್ ನೋಡಿ ಬರೀತಾರೆ, ಅದು ಇನ್ನೂ ಕೆಟ್ಟದು. ಎರಡು ಸಲ ತೂಗೋದರ ನಡುವೆ ಡ್ರೈವರ್ 300 ಲೀಟರ್ ಡೀಸೆಲ್ ಹಾಕಿಸಿದ್ರೆ ಸುಮಾರು 250 ಕೆಜಿ ಡೀಸೆಲ್ ಕಾಗದದ ಮೇಲೆ ಕಂಟೈನರ್ ಒಳಗೆ ಸೇರ್ಕೊಳ್ಳುತ್ತೆ. ಖಾಲಿ ತೂಗುವಾಗ ಕ್ಯಾಬಿನ್‌ನಲ್ಲಿದ್ದ ಕ್ಲೀನರ್ ತುಂಬಿದ ಮೇಲೆ ತೂಗುವಾಗ ಟೀಗೆ ಹೋಗಿದ್ರೆ ಅವನ ತೂಕ ಸರಕಿನಿಂದ ಹೋಯ್ತು.

ರೂಮಿಗೆ ಬಂದು ನಾಪೊಲಿ ವರದಿ ಓದಿದ್ದು ಆವತ್ತು ರಾತ್ರಿಯೇ. ಅಲ್ಲಿ ಎಣಿಸಿದ 137 ಕಂಟೈನರ್‌ಗಳು 3 ಟನ್‌ಗಿಂತ ಹೆಚ್ಚು ತಪ್ಪಿದವು. ನನ್ನ ತಪ್ಪು 2.23 ಟನ್. ಆ ಹಡಗಿನಲ್ಲಿ ನನ್ನ ಬಾಕ್ಸ್ ಇದ್ದಿದ್ರೆ ಆ ಲೆಕ್ಕಕ್ಕೇ ಬರ್ತಿರಲಿಲ್ಲ, ಉಳಿದ 523ರ ಜೊತೆ ಇರ್ತಿತ್ತು.

ಮರುದಿನ ಇನ್ನೊಂದು ಕಂಟೈನರ್ ಬಂತು. ಬುಕಿಂಗ್ ಕಾಗದದಲ್ಲಿ ಟೇರ್ 2,200 ಅಂತ ಇತ್ತು, ಬಾಗಿಲ ಮೇಲೆ 2,280. ಯಾವುದನ್ನ ಬರೀಲಿ ಅಂತ ಕೇಳಿದೆ. "ಬಾಗಿಲದ್ದು ಬರಿ. ಫೋಟೋನೂ ತೆಗೆದಿಟ್ಕೊ" ಅಂದ್ರು ಅಣ್ಣ. ತೆಗೆದೆ. ಆಮೇಲೆ ಡ್ರೈವರ್ ಹತ್ರ ಡೀಸೆಲ್ ಯಾವಾಗ ಹಾಕಿಸ್ತೀರಾ ಅಂತ ಕೇಳೋಕೆ ಹೋದೆ.