ಹಲಸಿನ ಹಲಗೆಯೋ, ಪ್ಲೈವುಡ್ಡೋ?

ಪ್ರಶ್ನೆ: ಕಾರಿಗೆಂದು 12 ಇಂಚಿನ ಸಬ್‌ವೂಫರ್ ತಂದಿದ್ದೇನೆ. ಪೆಟ್ಟಿಗೆಯನ್ನು ಮನೆಯಲ್ಲೇ ಮಾಡಿಕೊಳ್ಳುವ ಆಸೆ. ಕೆಡವಿದ ಹಳೇ ಮನೆಯ ಹಲಸಿನ ಹಲಗೆಗಳಿವೆ. ಅದರಲ್ಲಿ ಮಾಡಿದರೆ ನಾದ ಚೆನ್ನಾಗಿರುತ್ತದೆ ಎಂದು ನಮ್ಮ ಆಚಾರಿ ಹೇಳುತ್ತಾರೆ. ಅಂಗಡಿಯವರು ಎಂಡಿಎಫ್ ತಗೊಳ್ಳಿ ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಒಬ್ಬ ಓದುಗರು, ಸುಲ್ತಾನ್ ಬತ್ತೇರಿ, ವಯನಾಡು

ಉತ್ತರ: ಹಲಸಿನ ಹಲಗೆಯಲ್ಲಿ ಒಂದು ಮಂಚ ಮಾಡಿಸಿಕೊಳ್ಳಿ. ಪೆಟ್ಟಿಗೆಗೆ 18 ಮಿ.ಮೀ. ಮರೈನ್ ಪ್ಲೈವುಡ್ ತನ್ನಿ.

ಆಚಾರಿಯವರು ಸುಮ್ಮನೆ ಹೇಳಿದ್ದಲ್ಲ. ಮೃದಂಗಕ್ಕೂ ಚೆಂಡೆಗೂ ಹಲಸೇ ಬೇಕು. ಆದರೆ ಅಲ್ಲಿ ಮರವೂ ನುಡಿಯಬೇಕು, ಇಲ್ಲಿ ಮರ ಬಾಯಿ ಮುಚ್ಚಿಕೊಂಡಿರಬೇಕು. ಸಬ್‌ವೂಫರಿನ ಕೋನ್ ಹಿಂದೆ ಮುಂದೆ ಆಡುವಾಗ ಒಳಗಿನ ಗಾಳಿ ಆರೂ ಗೋಡೆಗಳನ್ನು ತಳ್ಳಿ ಎಳೆಯುತ್ತದೆ. ಗೋಡೆ ಬಳುಕಿದರೆ ಬೇಸ್ ಅಷ್ಟು ಕಡಿಮೆ. ಎಲ್ಲಾದರೂ ಸಂದಿ ಬಿಟ್ಟರೆ ಗಾಳಿ ಸೀಟಿ ಹೊಡೆಯುತ್ತದೆ. ಗಟ್ಟಿಮರದ ಅಗಲ ಹಲಗೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಆ ಸಂದಿ ಇಂದಲ್ಲ ನಾಳೆ ಬಿಟ್ಟೇ ಬಿಡುತ್ತದೆ. 30ರಿಂದ 80 ಹರ್ಟ್ಸ್‌ನಷ್ಟು ತಗ್ಗಿನ ಸ್ವರದಲ್ಲಿ ಯಾವ ಜಾತಿಯ ಮರ ಎಂಬುದು ಕಿವಿಗೆ ಗೊತ್ತೇ ಆಗುವುದಿಲ್ಲ. ಬಳುಕಬಾರದು, ಸೋರಬಾರದು, ಅಷ್ಟೇ.

ದಪ್ಪದಲ್ಲಿ ಮಾತ್ರ ಜುಗ್ಗತನ ಬೇಡ. ಅದೇ ವಸ್ತು 12 ಮಿ.ಮೀ.ನಿಂದ 18ಕ್ಕೆ ಏರಿದರೆ ಬಿಗಿ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ದೊಡ್ಡ ಮುಖಗಳ ನಡುವೆ ಒಂದು ಅಡ್ಡಪಟ್ಟಿ ಕೊಟ್ಟರೆ ಇನ್ನೂ ಒಳ್ಳೆಯದು. ಅಳತೆ ಹಾಕುವಾಗ ಒಳಗಿನ ಲೆಕ್ಕವನ್ನೇ ಹಿಡಿಯಿರಿ. ಹೊರಗೆ ಎಲ್ಲ ಬದಿಯೂ 36 ಸೆಂ.ಮೀ. ಇರುವ ಪೆಟ್ಟಿಗೆ ನೋಡಲು ಸುಮಾರು 47 ಲೀಟರಿನದು, 18 ಮಿ.ಮೀ. ಗೋಡೆ ಕಳೆದರೆ ಉಳಿಯುವುದು 34. ಎಷ್ಟು ಲೀಟರ್ ಬೇಕೆಂದು ಸ್ಪೀಕರಿನ ಜೊತೆ ಬಂದ ಚೀಟಿಯಲ್ಲೇ ಇರುತ್ತದೆ.

ಅಂಗಡಿಯವರ ಎಂಡಿಎಫ್ ಕೆಟ್ಟದ್ದೇನಲ್ಲ. ಒಳಗೆ ಟೊಳ್ಳಿಲ್ಲ, ಸಮತಟ್ಟು, ದುಂಡಗೆ ಕೊರೆದರೆ ಅಂಚು ಬೆಣ್ಣೆಯ ಹಾಗೆ ಬರುತ್ತದೆ. ಜಗತ್ತಿನೆಲ್ಲೆಡೆ ಹವ್ಯಾಸಿಗಳು ಅದನ್ನೇ ಹಿಡಿಯುವುದು ಇದಕ್ಕೇ. ಆದರೆ ಕೊಯ್ದ ಅಂಚು ನೀರು ಕುಡಿದರೆ ಊದಿಕೊಳ್ಳುತ್ತದೆ, ಊದಿದ್ದು ಮತ್ತೆ ಇಳಿಯುವುದಿಲ್ಲ, ಸ್ಕ್ರೂ ಸಡಿಲವಾಗುತ್ತದೆ. ಬತ್ತೇರಿ ಕಡೆ ವೈತಿರಿ, ಲಕ್ಕಿಡಿಯಷ್ಟು ಮಳೆ ಇಲ್ಲ, ಒಪ್ಪಿದೆ. ಆದರೂ ಜುಲೈಯಲ್ಲಿ ಒದ್ದೆ ಕೊಡೆ, ಕೆಸರು ಚಪ್ಪಲಿ ಹೋಗಿ ಬೀಳುವುದು ಡಿಕ್ಕಿಗೇ ತಾನೆ? ಅನುಮಾನವಿದ್ದರೆ ಎರಡರದೂ ಒಂದೊಂದು ತುಂಡನ್ನು ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ನೋಡಿ. ಎಂಡಿಎಫ್ಫೇ ಬೇಕೆಂದಿದ್ದರೆ ಒಳಗೂ ಹೊರಗೂ, ಮುಖ್ಯವಾಗಿ ಅಂಚಿಗೆ, ಪಾಲಿಯುರೆಥೇನ್ ವಾರ್ನಿಶ್ ಬಳಿಯಬೇಕು, ಸ್ಕ್ರೂಗೆ ಮೊದಲೇ ಸಣ್ಣ ತೂತು ಕೊರೆದಿರಬೇಕು. ತೂಕವೂ ಜಾಸ್ತಿ: ಎಂಟಡಿ-ನಾಲ್ಕಡಿಯ 18 ಮಿ.ಮೀ. ಎಂಡಿಎಫ್ ಹಾಳೆ ಸುಮಾರು 40 ಕಿಲೋ ತೂಗುತ್ತದೆ.

ಪ್ಲೈವುಡ್ಡಿಗೆ ನೀವು ದೂರ ಹೋಗಬೇಕಾಗಿಲ್ಲ. ಕಣ್ಣೂರಿನ ವಳಪಟ್ಟಣದ ವೆಸ್ಟರ್ನ್ ಇಂಡಿಯಾ ಪ್ಲೈವುಡ್ಸ್ 1945ರಷ್ಟು ಹಳೆಯದು, ಪೆರುಂಬಾವೂರಂತೂ ಪ್ಲೈವುಡ್ಡಿನ ಊರೇ. ನಿಮ್ಮ ಕಾಫಿ ತೋಟಗಳಲ್ಲಿ ನೆರಳಿಗೆ ನೆಟ್ಟು ಮೆಣಸು ಹಬ್ಬಿಸುವ ಸಿಲ್ವರ್ ಓಕ್ ಕೂಡ ಕೊನೆಗೆ ಇಂಥ ಕಾರ್ಖಾನೆಗಳ ಪಾಲಾಗುವುದುಂಟು. ಹಾಳೆಯ ಮೇಲೆ ಐಎಸ್ 710 ಮುದ್ರೆ ಇದೆಯೇ ನೋಡಿ. ಇದು 72 ಗಂಟೆ ಕುದಿಸಿದರೂ ಪದರ ಬಿಡಬಾರದು ಎಂಬ ದರ್ಜೆ. ಮುದ್ರೆಯೊಂದನ್ನೇ ನಂಬಬೇಡಿ, ಅಂಚನ್ನೂ ಕಣ್ಣಿಟ್ಟು ನೋಡಿ. ಪದರಗಳ ನಡುವೆ ಟೊಳ್ಳು ಕಂಡರೆ ಆ ಹಾಳೆ ಬಿಡಿ, ಮುಂದೆ ಅದೇ ಜಾಗ ಬರ್ರೆಂದು ಅದುರುತ್ತದೆ.

ಕೀಲುಗಳಿಗೆ ನೀರು ತಡೆಯುವ ಅಂಟು, ಒಳಮೂಲೆಗಳಿಗೆ ಸಿಲಿಕೋನ್. ಸಿಲಿಕೋನಿನ ಹುಳಿ ವಾಸನೆ ಪೂರ್ತಿ ಹೋಗುವ ತನಕ ಸ್ಪೀಕರ್ ಕೂರಿಸಬೇಡಿ, ಆ ಆವಿ ಅದರ ಲೋಹದ ಭಾಗಗಳಿಗೆ ಒಳ್ಳೆಯದಲ್ಲ. ಪೂರ್ತಿ ಮುಚ್ಚಿದ ಪೆಟ್ಟಿಗೆಯಾದರೆ ಕೋನನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಬಿಡಿ: ನಿಧಾನವಾಗಿ ವಾಪಸು ಬಂದರೆ ಸರಿ, ಥಟ್ಟನೆ ಬಂದರೆ ಎಲ್ಲೋ ಸೋರುತ್ತಿದೆ.

ಇಷ್ಟು ಭಾರದ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿ ಸುಮ್ಮನೆ ಇಟ್ಟುಕೊಂಡು ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಇಳಿಯಬೇಡಿ. ಕಬ್ಬಿಣದ ಕೋನಪಟ್ಟಿ ಹಾಕಿ ಬೋಲ್ಟಿನಿಂದ ಬಿಗಿಯಿರಿ. ತೂತು ಕೊರೆಯುವ ಮುಂಚೆ ಕಾರಿನಡಿ ಬಗ್ಗಿ ಪೆಟ್ರೋಲ್ ಟ್ಯಾಂಕ್ ಎಲ್ಲಿದೆ ನೋಡಿಕೊಳ್ಳಿ. ಮುತ್ತಂಗ ದಾಟಿ ಗುಂಡ್ಲುಪೇಟೆ ಕಡೆ ಬರುವಾಗ ಕಾಡು ಮುಗಿಯುವವರೆಗೆ ವಾಲ್ಯೂಮ್ ಸೊನ್ನೆಯಲ್ಲಿರಲಿ.